ತಂಪು ಕಾದ ಕರಿಬಸವ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಕರಿಬಸವನ ಕತೆ ಹೇಳ್ತೀನಿ. ಮಧ್ಯೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ ನೋಡಿ.

ಮೈಸೂರಿನಲ್ಲಿ ಚೆನ್ನಾಜಮ್ಮ ಅಂತ ಒಬ್ಬಳಿದ್ದಳು. ಹಳೇ ಕಾರುಗಳ ಎಸಿ ರಿಪೇರಿಯಲ್ಲಿ ಪಳಗಿದ ಕೈ. ಗಂಡ ಕಲಿಸಿ ಹೋದ ವಿದ್ಯೆ. ಆದರೆ ಸೊಂಟನೋವು, ಬಗ್ಗೋಕಾಗಲ್ಲ. ಬಗ್ಗೋದಕ್ಕೆ ಇದ್ದವನು ಮಗ ಕರಿಬಸವ. ವಯಸ್ಸು ಮೂವತ್ತೆರಡು, ಮೀಸೆ ಭರ್ಜರಿ, ತಲೆ ಮಾತ್ರ ಖಾಲಿ ಡಬ್ಬ. ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಿದ್ದ. ಅದೇ ಅವಳ ಗೋಳು.

ಡಾಕ್ಟರ್ ಉತ್ತಯ್ಯನವರ ಹತ್ತಿರ ಐವತ್ತು ವರ್ಷದ ಒಂದು ಫಾರಿನ್ ಕಾರಿತ್ತು. ಆನೆಯಷ್ಟು ದೊಡ್ಡದು. ಅದರ ಎಸಿ ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದದ್ದು. ಚೆನ್ನಾಜಮ್ಮನ ಗಂಡ ಇಪ್ಪತ್ತು ವರ್ಷ ಅದನ್ನ ಮಗುವಿನ ಹಾಗೆ ಸಾಕಿದ್ದ. ಈ ಬೇಸಿಗೆಯಲ್ಲಿ ಅದು ಕೈಕೊಟ್ಟಿತು.

ಡಾಕ್ಟರು ಕಾರು ತಂದು ನಿಲ್ಲಿಸಿ ಹೇಳಿದರು. "ನಮ್ಮ ಮನೆಯವರಿಗೆ ಸೆಕೆ ತಡೆಯೋಕಾಗ್ತಿಲ್ಲ, ಚೆನ್ನಾಜಮ್ಮ. ಭಾನುವಾರದೊಳಗೆ ತಂಪಾಗಲಿಲ್ಲ ಅಂದ್ರೆ ಈ ಎಸಿನ ಕಿತ್ತು ಗುಜರಿಗೆ ಹಾಕಿ ಹೊಸಾದು ಕೂರಿಸ್ತೀನಿ."

ಚೆನ್ನಾಜಮ್ಮ ಬಾನೆಟ್ಟಿನ ಮೇಲೆ ಕೈಯಾಡಿಸಿದಳು. ಗಂಡನ ಕೈ ಆಡಿದ ಸಾಮಾನು ಗುಜರಿಗೆ ಹೋಗೋದೇ? ಸೊಂಟ ಹಿಡಿದುಕೊಂಡೇ ಎರಡು ದಿನ ಒದ್ದಾಡಿ, ಹಳೇ ಸೀಲು ಬದಲಾಯಿಸಿ, ಗ್ಯಾಸು ತುಂಬಿಸಿದಳು. ಆಮೇಲೆ ಮಗನಿಗೆ ಅಂದಳು. "ನೋಡು ಮಗ, ಕಾರಿನ ಕೆಳಗೆ ಒಂದು ಹನಿ ಸೋರಬಾರದು. ಸೋರಿದ್ರೆ ಮುಚ್ಚು."

"ಆಯ್ತವ್ವ."

ಎಸಿ ಶುರುವಾಯಿತು. ಕೆಳಗಿನ ಸಣ್ಣ ಪೈಪಿನಿಂದ ನೀರು ತೊಟ್ಟಿಕ್ಕಿತು. ಕರಿಬಸವ ಕಡ್ಡಿ ಕೆತ್ತಿದ, ಬಟ್ಟೆ ಸುತ್ತಿದ, ಪೈಪಿಗೆ ಜಡಿದ. ಪರೀಕ್ಷೆ ಮಾಡೋಕೆ ಡಾಕ್ಟರು ಬಂದು ಕೂತರು. ಒಂದು ಸುತ್ತು ಹೊಡೆಯೋದರೊಳಗೆ ನೀರೆಲ್ಲ ಒಳಗೆ ಸುರಿದು ಅವರ ಬೂಟಿಗೆ ತುಂಬಿತು.

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಎಸಿ ಅಂದ ಮೇಲೆ ನೀರು ಬಿಡುತ್ತೆ ಕಣೋ," ಅಂತ ಅವ್ವ ಹಣೆ ಚಚ್ಚಿಕೊಂಡಳು. "ಕಾರಿನ ಕೆಳಗೆ ನೀರು ಕಂಡ್ರೆ ಖುಷಿ ಪಡಬೇಕು. ಮುಟ್ಟಬಾರದು."

"ಆಯ್ತವ್ವ. ಖುಷಿ ಪಡ್ತೀನಿ."

ಮಾರನೇ ದಿನ ಇಂಜಿನ್ ಓಡ್ತಿದ್ದ ಹಾಗೇ ರೇಡಿಯೇಟರಿನ ರಬ್ಬರ್ ಪೈಪು ಒಡೆಯಿತು. ನೀರು ಧಾರಾಕಾರ. ಕರಿಬಸವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಖುಷಿ ಪಟ್ಟ. ಹಬೆ ಎದ್ದಿತು, ಇನ್ನೂ ಖುಷಿ ಪಟ್ಟ. ಅವ್ವ ಒಲೆ ಮೇಲಿನ ಸಾರು ಬಿಟ್ಟು ಓಡಿಬಂದು ಇಂಜಿನ್ ನಿಲ್ಲಿಸಿದಳು.

"ಎಸಿ ನೀರು ಬೇರೆ, ಇಂಜಿನ್ ನೀರು ಬೇರೆ ಕಣೋ! ಕಾರು ಬಿಸಿಯಾಯ್ತಾ, ಬಾನೆಟ್ಟು ಎತ್ತು, ಬಾಗಿಲು ಕಿಟಕಿ ಎಲ್ಲ ತೆಗಿ, ಗಾಳಿ ಆಡಲಿ."

"ಆಯ್ತವ್ವ. ಎಲ್ಲ ತೆಗೀತೀನಿ."

ಪೈಪು ಬದಲಾಯಿತು. ಶನಿವಾರ ಮಧ್ಯಾಹ್ನ ಡಾಕ್ಟರು ಮತ್ತೆ ಬರೋರಿದ್ದರು. ರಣಬಿಸಿಲು. ಕರಿಬಸವ ಕಾರಿನ ಮೇಲೆ ಕೈಯಿಟ್ಟು ನೋಡಿದ, ಸುಡ್ತಿತ್ತು. ಬಾನೆಟ್ಟು ಎತ್ತಿದ, ನಾಲ್ಕು ಬಾಗಿಲು ತೆಗೆದ, ಡಿಕ್ಕಿನೂ ತೆಗೆದ, ಆಮೇಲೆ ಎಸಿ ಹಾಕಿದ. ಪಕ್ಕದಲ್ಲಿ ಮಲಗಿದ್ದ ನಾಯಿಗೆ ಒಳ್ಳೇ ತಂಪಾಯಿತು. ಡಾಕ್ಟರು ಬಂದು ಒಳಗೆ ಕೂತು, ಬೆವರು ಒರೆಸಿಕೊಂಡು ಇಳಿದರು.

"ಇನ್ನು ಸಾಕು, ಚೆನ್ನಾಜಮ್ಮ. ನಾಳೆ ನಮ್ಮ ಮನೆಯವರನ್ನೂ ಕರ್ಕೊಂಡು ಬರ್ತೀನಿ. ಅದೇ ಕೊನೆ."

ಅವರು ಹೋದ ಮೇಲೆ ಚೆನ್ನಾಜಮ್ಮನಿಗೆ ಬೈಯೋಕೂ ತ್ರಾಣವಿರಲಿಲ್ಲ. "ಮಗ, ಇದು ನಿಮ್ಮಪ್ಪನ ಎಸಿ. ನಾಳೆ ಬೆಳಿಗ್ಗೆಯೇ ಹಾಕು. ಎಲ್ಲ ಮುಚ್ಚು. ತಂಪು ಹೊರಗೆ ಹೋಗಬಾರದು. ಯಾರು ಬಂದ್ರೂ ಬಾಗಿಲು ತೆಗೀಬೇಡ," ಅಂದಳು.

"ಆಯ್ತವ್ವ. ಯಾರು ಬಂದ್ರೂ ತೆಗೆಯಲ್ಲ."

ಭಾನುವಾರ ಡಾಕ್ಟರು ಹೆಂಡತಿ ಜೊತೆ ಬಂದು ಬಾಗಿಲು ಎಳೆದರು. ಬರಲಿಲ್ಲ. ಗಾಜು ಬಡಿದರು. ಒಳಗಿಂದ ಕರಿಬಸವ ತಲೆ ಅಲ್ಲಾಡಿಸಿದ. "ತಂಪು ಹೋಗುತ್ತೆ ಬುದ್ಧೀ."

"ಇದು ನನ್ನ ಕಾರು ಕಣಯ್ಯ!"

"ಯಾರು ಬಂದ್ರೂ ತೆಗೀಬೇಡ ಅಂದವ್ಳೆ ಅವ್ವ."

ಚೆನ್ನಾಜಮ್ಮ ಬಡಿದಳು, ಬೇಡಿಕೊಂಡಳು. ಅವಳಿಗೂ ತೆಗೆಯಲಿಲ್ಲ. ಎಲ್ಲ ಮುಗೀತು ಅಂದುಕೊಂಡು ಅವಳು ಕಟ್ಟೆ ಮೇಲೆ ಕುಸಿದು ಕೂತಳು.

ಆಗ ಡಾಕ್ಟರ ಹೆಂಡತಿ ಗಾಜಿಗೆ ಮುಖ ಹಚ್ಚಿ ನೋಡಿದರು. "ಇಲ್ಲಿ ನೋಡ್ರೀ," ಅಂದರು. ಕರಿಬಸವ ಕಾರು ಮುಚ್ಚೋ ಟಾರ್ಪಾಲನ್ನ ಕಿವಿವರೆಗೂ ಹೊದ್ದು ಕೂತಿದ್ದ. ಮೂಗು ಸೋರ್ತಿತ್ತು. ಹಲ್ಲು ಕಟಕಟ ಅಂತ ಕಡೀತಿದ್ದವು. ಹೊರಗೆ ಏಪ್ರಿಲ್ ಬಿಸಿಲು.

ಡಾಕ್ಟರು ನೋಡಿದರು, ನಕ್ಕರು, ನಗು ತಡೆಯಲಾಗದೆ ಅವರೂ ಕಟ್ಟೆ ಮೇಲೆ ಕೂತರು. "ಇದಕ್ಕಿಂತ ಬೇರೆ ಪರೀಕ್ಷೆ ಬೇಕಾ? ಇರಲಿ ಬಿಡಿ ಹಳೇದೇ. ನಿಮ್ಮ ಯಜಮಾನ್ರ ಎಸಿ ಯಾರೂ ಮುಟ್ಟಲ್ಲ."

ಚೆನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಎದೆ ಹಗುರವಾಗಿತ್ತು. ಎಲ್ಲರಿಗೂ ಕಾಫಿ ಮಾಡಿ ತಂದಳು. ಕುಡಿದು ಮುಗಿಸೋ ಹೊತ್ತಿಗೆ ಪೆಟ್ರೋಲು ಮುಗಿದು ಇಂಜಿನ್ ತಾನಾಗಿಯೇ ನಿಂತಿತು.

"ಇನ್ನಾದ್ರೂ ಇಳಿದು ಬಾರೋ," ಅಂತ ಅವಳು ಕೂಗಿದಳು.

ಕರಿಬಸವ ಬಾಗಿಲನ್ನ ಒಂದೇ ಗೇಣು ತೆಗೆದ, ಹೊಟ್ಟೆ ಒಳಗೆಳೆದುಕೊಂಡು ನುಸುಳಿದ, ಲಾಕ್ ಒತ್ತಿ ದಬಕ್ಕನೆ ಬಾಗಿಲು ಹಾಕಿದ. ಡಾಕ್ಟರು ಬೀಗದ ಕೈಗೆ ಅಂಗೈ ಚಾಚಿದರು.

"ಒಳಗೇ ಐತೆ ಬುದ್ಧೀ. ತಂಪಿನ ಜೊತೆ ಭದ್ರವಾಗೈತೆ," ಅಂದ ಕರಿಬಸವ.