ಬಿಚ್ಚದ ತೋಳು

"ಗುರುಗಳೇ, ಕುಸ್ತಿಯೆಂದರೆ ಹಿಡಿತ. ಹಿಡಿಯುವುದನ್ನು ಕಲಿತ ಮೇಲೆ ದಿನಾ ಈ ತೋಳು ಸಡಿಲಿಸುವ ಉಸಾಬರಿ ಯಾತಕ್ಕೆ?" ಎಂದು ಚನವೀರ ಕೇಳಿದ.

ಅವನ ಜೋಡಿ ಬರಮಪ್ಪ ಎಣ್ಣೆಯ ಬಟ್ಟಲು ಹಿಡಿದು ಕಾಯುತ್ತಿದ್ದ. ಸಾಮು ಮುಗಿದ ಮೇಲೆ ಒಬ್ಬರ ತೋಳನ್ನೊಬ್ಬರು ತಿಕ್ಕಿ ಸಡಿಲಿಸಿಯೇ ಮನೆಗೆ ಹೋಗಬೇಕೆಂಬುದು ಆ ಗರಡಿಯ ಕಟ್ಟಳೆ. ಚನವೀರನಿಗೆ ಅದು ಬರೀ ಹೊತ್ತು ಹಾಳು ಎನಿಸಿತ್ತು.

"ಕೂತುಕೋ ಮಾರಾಯ" ಎಂದು ಗುರು ಕತೆ ಹೇಳಿದರು.

ಒಬ್ಬ ಜಟ್ಟಿಯಿದ್ದ. ಹಗ್ಗ ಹತ್ತಿ, ಕಲ್ಲುಗುಂಡು ಎತ್ತಿ ಹಿಡಿತವನ್ನು ಕಬ್ಬಿಣ ಮಾಡಿಕೊಂಡಿದ್ದ. ತೋಳಿನ ಮುಂದೊಂದು ಸ್ನಾಯು, ಹಿಂದೊಂದು ಸ್ನಾಯು. ಎರಡಕ್ಕೂ ಎಳೆಯುವುದಷ್ಟೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಮುಂದಿನದು ಕುಗ್ಗಿ ಎಳೆದರೆ ತೋಳು ಮಡಚಿಕೊಳ್ಳುತ್ತದೆ, ಹಿಂದಿನದು ಎಳೆದರೆ ಬಿಚ್ಚುತ್ತದೆ. ಒಂದು ಎಳೆಯುವಾಗ ಇನ್ನೊಂದು ಬಿಟ್ಟುಕೊಡಬೇಕು. ಇದನ್ನು ಹೇಳಿ ಹೇಳಿ ಅವನ ಗುರುವಿಗೆ ಸಾಕಾಯಿತು. ಜಟ್ಟಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಕುಸ್ತಿಯ ಜೋಡಿ ಎಣ್ಣೆ ತಂದರೆ, "ಹೋಗೋ, ಮುದುಕರ ಮಂಡಿಗೆ ಹಚ್ಚು ಹೋಗು" ಎಂದು ನಗುತ್ತಿದ್ದ.

ಒಂದು ಮುಂಜಾನೆ ಅಭ್ಯಾಸದಲ್ಲಿ ಅವನು ಜೋಡಿಯ ಕುತ್ತಿಗೆಯನ್ನು ತೋಳಲ್ಲಿ ಸಿಕ್ಕಿಸಿ ಬಿಗಿದ. ಜೋಡಿ ಅಂಗೈಯಿಂದ ನೆಲ ಬಡಿದ. ಸೋತೆ, ಬಿಡು ಎಂಬುದಕ್ಕೆ ಅದೇ ಗುರುತು. ಜಟ್ಟಿಯೂ ಬಿಡಲು ನೋಡಿದ. ದಣಿದ ಸ್ನಾಯು ಸೆಟೆದು ಗಂಟಾಗಿತ್ತು, ತೋಳು ಬಿಚ್ಚಲಿಲ್ಲ. "ಅಯ್ಯೋ, ಬಿಡಿಸ್ರೋ!" ಎಂದು ತಾನೇ ಕೂಗಿಕೊಂಡ. ಜನ ಓಡಿ ಬಂದು ಆ ತೋಳನ್ನು ಜಗ್ಗಿ ಬಿಡಿಸುವ ಹೊತ್ತಿಗೆ ಜೋಡಿಯ ಉಸಿರು ನಿಂತಿತ್ತು.

ಸಂಜೆ ಹೆಣಕ್ಕೆ ಸ್ನಾನ ಮಾಡಿಸಬೇಕು. ಹೆಣದ ಮುಷ್ಟಿಯೊಳಗೆ ಗರಡಿಯ ಮಣ್ಣು ಉಳಿದಿತ್ತು. ಅದನ್ನು ತೊಳೆಯಲು ಜಟ್ಟಿಯೇ ಕೂತ. ಸತ್ತವನ ಬೆರಳುಗಳು ಸೆಟೆದು ಮರಗಟ್ಟಿದ್ದವು. ಜೋಡಿ ದಿನಾ ತರುತ್ತಿದ್ದ ಆ ಬಟ್ಟಲಿನ ಎಣ್ಣೆಯನ್ನೇ ಹಚ್ಚಿ, "ಬಿಡೋ ತಮ್ಮಾ, ಬಿಡೋ" ಎಂದು ಅಳುತ್ತ ತಿಕ್ಕಿದ. ಒಂದು ಬೆರಳೂ ಬಿಚ್ಚಲಿಲ್ಲ.

ಗುರು ಕತೆ ಮುಗಿಸಿದರು. ಚನವೀರನ ಕಣ್ಣು ಬರಮಪ್ಪನ ಕುತ್ತಿಗೆಯ ಮೇಲೆ ಹೋಯಿತು. ಇವತ್ತಿನ ಸಾಮಿನಲ್ಲಿ ತಾನು ಬಿಗಿದಿದ್ದ ಕಡೆ ಕೆಂಪು ಗುರುತು ಇನ್ನೂ ಇತ್ತು.

"ಅಷ್ಟೊಂದು ಬಲವಿದ್ದವನಿಗೆ ಬಿಡುವಷ್ಟು ಬಲವಿರಲಿಲ್ಲವೇ?" ಎಂದ.

ಗುರು ಹೇಳಿದರು: "ಹಿಡಿದುಕೊಂಡಿರುವುದು ಹೆಣಕ್ಕೂ ಬರುತ್ತದೆ, ಬಿಡುವುದಕ್ಕೆ ಜೀವ ಬೇಕು."