ಮಹಾರಾಜನಿಗೆ ಅಣ್ಣನಾದ ಗಿಟಾರು

ಒಂದಾನೊಂದು ಊರಿನಲ್ಲಿ, ಊರೆಂದರೆ ಅಂಥ ದೊಡ್ಡ ಊರೇನಲ್ಲ, ಒಬ್ಬ ಕೆಮ್ಮಿದರೆ ಎಲ್ಲರೂ ‘ನೀರು ಕುಡಿಯಪ್ಪಾ’ ಅನ್ನುವಷ್ಟು ಊರು, ಅಲ್ಲಿ ಮೌನೇಶಾಚಾರಿ ಎಂಬ ಗಿಟಾರು ಮಾಡುವವನಿದ್ದ. ಹಲಸಿನ ಮರದ ಗಿಟಾರು. ಒಳಗೆ ಟೊಳ್ಳು, ನಡುವೆ ದುಂಡನೆಯ ಬಾಯಿ. ಬಾಯಿ ಇದ್ದಮೇಲೆ ಮಾತಾಡದೆ ಇರುತ್ತವೆಯೆ? ಅಂಗಡಿಯ ಗಿಟಾರುಗಳೆಲ್ಲ ಹಗಲಿಡೀ ಹರಟುತ್ತಿದ್ದವು. ಆಚಾರಿ ಗಂಟುಮೋರೆಯವ. “ಸುಮ್ಮನಿರ್ರೇ” ಎಂದು ಗದರಿಸುತ್ತಿದ್ದ. ಅವು ಇರುತ್ತಿರಲಿಲ್ಲ. ಆಚಾರಿ ಸುಳ್ಳು ಹೇಳುವವನಲ್ಲ, ಹೇಳಿದರೆ ಕೇಳುವವನೂ ಅಲ್ಲ.

ಆ ಊರಿನ ರಾಜ ಜೀರ್ಣಸೇನನಿಗೆ ಹಳೆಯದರ ಹುಚ್ಚು. ತನಗಿಂತ ಹಿರಿಯದಲ್ಲದ ವಸ್ತುವನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಅರಮನೆಯಲ್ಲೊಂದು ಪದ್ಧತಿ ಬೆಳೆದಿತ್ತು. ಹೊಸ ಕುರ್ಚಿ ಬಂದರೆ ಒಂದು ಕಾಲು ಮುರಿದು ಒಳಗೆ ಬಿಡುವುದು. ಹೊಸ ಕೊಡೆ ಬಂದರೆ ಇಲಿಗೆ ಕೊಟ್ಟು ವಾಪಸು ಈಸಿಕೊಳ್ಳುವುದು. ದೋಸೆಯನ್ನೂ ಹೊಗೆಗೂಡಿನಲ್ಲಿ ನೇತುಹಾಕಿ, ‘ತಮ್ಮ ತಾತನ ಕಾಲದ್ದು, ಮಹಾಪ್ರಭು’ ಎಂದು ಬಡಿಸುವುದು. ರಾಜ ಕಣ್ಣೀರು ಸುರಿಸಿಕೊಂಡು ತಿನ್ನುತ್ತಿದ್ದ. ಭಕ್ತಿಗೋ ಹೊಗೆಗೋ, ಯಾರಿಗೆ ಗೊತ್ತು.

ಹೀಗಿರುವಾಗ ಊರಿಗೆ ಕರೆಂಟು ಬಂತು. ಮಾರನೆಯ ದಿನವೇ ಆಚಾರಿಗೆ ಕರೆ ಬಂತು.

“ಆಚಾರೀ, ನನಗೊಂದು ಎಲೆಕ್ಟ್ರಿಕ್ ಗಿಟಾರು ಬೇಕು. ಅದು ನನಗಿಂತ ಹಳೆಯದಾಗಿರಬೇಕು.”

“ಕರೆಂಟು ಬಂದದ್ದೇ ನಿನ್ನೆ, ಬುದ್ಧೀ.”

“ಬರಲಿ. ಗಿಟಾರು ಅದಕ್ಕೂ ಮೊದಲೇ ಬಂದು ಕಾಯುತ್ತಾ ಕೂತಿತ್ತು.”

“ಮಾಡದೆ ಇರೋ ಗಿಟಾರು ಎಲ್ಲಿ ಕೂತಿತ್ತು?”

“ಅದು ನಿನ್ನ ತಲೆನೋವು. ತರದೆ ಹೋದರೆ ನಿನ್ನ ಅಂಗಡಿಯ ಅಷ್ಟೂ ಗಿಟಾರುಗಳ ಬಾಯಿಗೆ ಅರಗು ಹೊಯ್ಯಿಸ್ತೇನೆ.”

ಆಚಾರಿ ಮನೆಗೆ ಬಂದು ಸುದ್ದಿ ಹೇಳಿದ. ಅಂಗಡಿ ಅಷ್ಟೂ ಗಪ್‌ಚಿಪ್. ಇಷ್ಟು ವರ್ಷ ಗದರಿಸಿ ಬೇಡಿದ ಮೌನ ಇದೇನೆ. ಈಗ ಸಿಕ್ಕಿತು. ಸಿಕ್ಕಿದ ಮೇಲೆ ಅವನಿಗೆ ಅನ್ನ ಸೇರಲಿಲ್ಲ.

ಅಜ್ಜನ ಕಾಲದ ಗಿಟಾರಿನ ಅಚ್ಚನ್ನು ಅಟ್ಟದಿಂದ ಇಳಿಸಿದ. ಆ ಆಕಾರಕ್ಕೇ, ಟೊಳ್ಳು ಬಿಡದೆ, ದಪ್ಪ ಹಲಗೆ ಕೊಯ್ದ. ತಂತಿ ಬಿಗಿದು ಸ್ಪೀಕರ್ ಪೆಟ್ಟಿಗೆಗೆ ವೈರು ಸಿಕ್ಕಿಸಿದೊಡನೆ ಹೊಸ ಗಿಟಾರು ಕೇಳಿತು:

“ಅಪ್ಪಾ, ಅಕ್ಕಂದಿರಿಗೆಲ್ಲ ಹೊಟ್ಟೆ ಇದೆ. ನನಗೆ ಯಾಕಿಲ್ಲ?”

“ನಿನಗೆ ವೈರು ಇದೆ.”

“ವೈರಿನಿಂದ ಹೊಟ್ಟೆ ತುಂಬುತ್ತಾ?”

“ಇಲ್ಲದ ಹೊಟ್ಟೆ ಯಾಕೆ ತುಂಬಬೇಕು?”

ಗಿಟಾರಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಅರಮನೆಯ ಪಾರುಪತ್ಯಗಾರ ಇಟ್ಟಿಗೆ ಚೂರು ಹಿಡಿದುಕೊಂಡು ಬಂದ. “ಇತ್ತ ಕೊಡಿ ಆಚಾರ್ರೇ, ನಾಲ್ಕು ಗೀರು ಎಳೆದರೆ ಹಳೆಯದಾಗುತ್ತೆ.”

“ಗೀರು ನುಡಿಸೋರ ಕೈಯಿಂದ ಬೀಳಬೇಕು. ಮಾಡಿದವನ ಕೈಯಿಂದಲ್ಲ. ನಡೀರಿ ಆಚೆ.”

ಮರುದಿನ ಆಚಾರಿ ಗಿಟಾರು, ಪೆಟ್ಟಿಗೆ ಎರಡನ್ನೂ ಹೊತ್ತು ಆಸ್ಥಾನಕ್ಕೆ ಹೋದ. ಮೂಲೆಯಲ್ಲಿ ಅರಗು ಕೊತಕೊತ ಕುದಿಯುತ್ತಿತ್ತು.

“ಇದು ಯಾವ ಕಾಲದ್ದು?” ಅಂದ ರಾಜ.

“ನಿನ್ನೆಯ ಕಾಲದ್ದು, ಬುದ್ಧೀ. ಆಕಾರ ಅಜ್ಜನದು, ವಯಸ್ಸು ಇದರದೇ.”

ಪಾರುಪತ್ಯಗಾರ ಅರಗಿನ ಸೌಟು ಎತ್ತಿಕೊಂಡ.

“ತಡೀರಿ,” ಅಂದ ಆಚಾರಿ. “ಇದು ತಮಗಿಂತ ಹಿರಿಯದಾಗಬೇಕು, ಅಷ್ಟೇ ತಾನೆ? ಇದರ ಹುಟ್ಟನ್ನು ಹಿಂದಕ್ಕೆ ತಳ್ಳಿದರೆ ಸುಳ್ಳಾಗುತ್ತೆ. ತಾವೇ ಮುಂದಕ್ಕೆ ಬನ್ನಿ. ಇವತ್ತು ಹುಟ್ಟಿಬಿಡಿ.”

ರಾಜ ಎಷ್ಟು ಯೋಚಿಸಿದರೂ ಇದರಲ್ಲಿ ತಪ್ಪು ಸಿಗಲಿಲ್ಲ. ಎಲ್ಲರೂ ಪಕ್ಕದಲ್ಲಿ ಕೂತಿದ್ದ ರಾಜಮಾತೆಯ ಮುಖ ನೋಡಿದರು.

“ನನ್ನನ್ನೇನು ನೋಡ್ತೀರಿ? ಇವನನ್ನ ಒಂದು ಸಲ ಹೆತ್ತದ್ದೇ ಸಾಕಾಗಿದೆ. ಬೇಕಾದರೆ ತೊಟ್ಟಿಲ ಶಾಸ್ತ್ರ ಮಾಡ್ತೇನೆ.”

ತೊಟ್ಟಿಲು ತಂದರು. ರಾಜನನ್ನು ಮಲಗಿಸಿದರು. ಕಾಲು ಹೊರಗೆ, ಮೀಸೆ ಒಳಗೆ. ನಾಲಗೆಗೆ ಬಜೆ ತೇಯ್ದು ಸವರಿದರು. ರಾಜಮಾತೆ ಕಿವಿಯಲ್ಲಿ ‘ಎಳೆಸೇನ’ ಎಂದು ಹೊಸ ಹೆಸರು ಉಸುರಿದಳು.

“ಅಳಲಿಲ್ಲ,” ಅಂದ ಆಚಾರಿ. “ಅಳದಿದ್ದರೆ ಹುಟ್ಟಿದ್ದು ಲೆಕ್ಕಕ್ಕಿಲ್ಲ.”

ಬಜೆಯ ಖಾರ ಆಗ ನೆತ್ತಿಗೇರಿತು. ರಾಜ ಅತ್ತ. ಆಚಾರಿ ಒಪ್ಪಿದ.

ರಾಜ ತೊಟ್ಟಿಲಿಂದ ಕತ್ತೆತ್ತಿ ಸುತ್ತ ನೋಡಿದ. ಗಿಟಾರು ತನಗಿಂತ ಹಿರಿಯದು. ಕುರ್ಚಿ ಹಿರಿಯದು. ಬೆಳಿಗ್ಗೆ ಹೊಯ್ದ ದೋಸೆಯೂ ಹಿರಿಯದು. ಹೊಗೆಗೂಡು ಯಾಕೆ? ಅವತ್ತೇ ಅವನು ಮೊದಲ ಬಾರಿ ಹೊಗೆ ಹಿಡಿಯದ ದೋಸೆ ತಿಂದದ್ದು. ತಿಂದು, ಕೈ ತೊಳೆದು, ಗಿಟಾರಿಗೆ ಕೈಮುಗಿದ. “ಅಣ್ಣಾ.”

“ಅರಗು ಆರುತ್ತಿದೆ, ಮಹಾಪ್ರಭು. ಅಂಗಡಿಗೆ ಹೋಗಿ ಹೊಯ್ಯಲೋ?” ಅಂದ ಪಾರುಪತ್ಯಗಾರ. ಗಿಟಾರು ತಂದುದಾಗಿದೆ, ಅರಗು ಕಾಯಿಸಿದ್ದೂ ಆಗಿದೆ, ದಂಡ ಮಾಡುವುದೇಕೆ ಎಂಬುದು ಅವನ ವಾದ.

ಗಿಟಾರು ಸ್ಪೀಕರ್ ಪೆಟ್ಟಿಗೆಯೊಳಗಿಂದ ಗುಡುಗಿತು. “ತಮ್ಮಾ, ಅಂಗಡಿಯಲ್ಲಿ ಇರೋರು ನನಗೇ ಅಕ್ಕಂದಿರು. ನಿನಗಿನ್ನೂ ದೊಡ್ಡಕ್ಕಂದಿರು. ಅಕ್ಕಂದಿರ ಬಾಯಿ ಮುಚ್ಚಿಸಿದ ತಮ್ಮ ಯಾವ ಊರಲ್ಲಾದರೂ ಇದ್ದಾನಾ?”

ರಾಜ ಯೋಚಿಸಿದ. ರಾಜಮಾತೆ ಮುಸಿಮುಸಿ ನಕ್ಕಳು.

“ಇಲ್ಲ ಅಣ್ಣಾ. ಅದು ಯಾರ ಕೈಲೂ ಆಗಿಲ್ಲ.”

ಅರಗಿನಲ್ಲಿ ಕುರ್ಚಿಗಳ ಮುರಿದ ಕಾಲು ಅಂಟಿಸಿದರು.

ಆಚಾರಿ ಅಂಗಡಿಯ ಬಾಗಿಲು ತೆಗೆದದ್ದೇ ತಡ, ಏನಾಯ್ತು, ಯಾರು ಅತ್ತರು, ದೋಸೆಗೆ ಚಟ್ನಿ ಯಾವುದು ಎಂದು ಎಲ್ಲವೂ ಒಟ್ಟಿಗೆ ಶುರುಮಾಡಿದವು.

“ಸುಮ್ಮನಿರ್ರೇ,” ಅಂದ ಆಚಾರಿ. ಅಂದು, ಎಲ್ಲಿ ನಿಜಕ್ಕೂ ಸುಮ್ಮನಾಗಿಬಿಡುತ್ತವೋ ಎಂದು ಗೋಡೆಯ ಕಡೆ ತಿರುಗಿ ಮೆಲ್ಲಗೆ ಅಂದ, “ಮಾತಾಡಿ, ಮಾತಾಡಿ.”

ಆದ್ದರಿಂದ ಮಹಾಜನರೇ, ಹಳೆಯ ಸಾಮಾನು ಬೇಕೆನಿಸಿದರೆ ಸಾಮಾನನ್ನು ಉಜ್ಜಬೇಡಿ, ನೀವೇ ತೊಟ್ಟಿಲಿಗೆ ಹೋಗಿ. ಈ ಕತೆ ಹುಟ್ಟಿದ್ದು ಈಗಷ್ಟೆ. ನೀವೆಲ್ಲ ಇದಕ್ಕಿಂತ ಹಿರಿಯರು. ಅತ್ತರೆ ತೂಗಿ, ನಿದ್ದೆ ಹೋದರೆ ಹೊದಿಸಿ, ನೀವೂ ಮನೆಗೆ ನಡೆಯಿರಿ.