ಸಣ್ಣಮ್ಮನ ಕಾಲು ಗಂಟೆ

ಸೇತುವೆ ಎಂಬುದನ್ನು ಯಾರೂ ಕಂಡಿರದ ಕಾಲವಂತೆ. ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ಬದಿಗೆ ಒಂದೂರು ಇತ್ತಂತೆ, ಕೇದಿಗೆಬೇಲೆ ಅಂತ ಹೆಸರು. ಆಚೆ ದಡದಲ್ಲಿ ಪೇಟೆ, ಈಚೆ ದಡದಲ್ಲಿ ಇವರು, ನಡುವೆ ನೀರು. ಆ ನೀರು ದಾಟಿಸುತ್ತಿದ್ದವಳು ಅಂಬಿಗರ ಹೊನ್ನಕ್ಕ. ಹೆಂಗಸು ದೋಣಿ ನಡೆಸುವುದೇ ಎಂದು ಮೂಗು ಮುರಿದವರೂ ಅವಳ ದೋಣಿಗೇ ಬಂದು ಕೂರುತ್ತಿದ್ದರಂತೆ. ಬೇರೆ ದೋಣಿ ಇದ್ದರೆ ತಾನೆ!

ಹೊನ್ನಕ್ಕನ ಹತ್ತಿರ ಒಂದು ಗಡಿಯಾರ ಇತ್ತು. ಅಪ್ಪ ಜಟ್ಟಿ ಅಂಬಿಗ ಸಾಯುವಾಗ ಕೈಗೆ ಕೊಟ್ಟದ್ದು, ಸರಪಳಿ ಕಟ್ಟಿದ, ಕೀಲಿ ಕೊಡುವ ಗಡಿಯಾರ. ಅವಳು ಅದನ್ನು ನೋಡಿಕೊಂಡ ಹಾಗೆ ಹಸುಗೂಸನ್ನೂ ಯಾರೂ ನೋಡಿಕೊಂಡಿಲ್ಲವಂತೆ. ಬೆಳಿಗ್ಗೆ ಗಂಜಿಗೆ ಬಾಯಿ ಹಾಕುವ ಮೊದಲು ಕೀಲಿ. ಒದ್ದೆ ಕೈ ತಾಗಬಾರದೆಂದು ಒಲೆಯೆದುರು ಬೆರಳು ಕಾಯಿಸಿಕೊಂಡು ಕೀಲಿ. ಇಪ್ಪತ್ತೇ ಸುತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಉಪ್ಪುಗಾಳಿ ಹೊಗದಂತೆ ಅಮ್ಮನ ಸೀರೆಯ ಕೆಂಪು ತುಂಡೊಂದರಲ್ಲಿ ಸುತ್ತಿ, ಹುರಿದ ಅಕ್ಕಿ ಹಾಕಿದ ಡಬ್ಬಿಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಆ ತುಂಡನ್ನೂ ಅಪ್ಪನೇ ಕೊಟ್ಟಿದ್ದ. ಅಮ್ಮ ಸಣ್ಣಮ್ಮ, ಹೊನ್ನಕ್ಕ ತೊಟ್ಟಿಲಲ್ಲಿದ್ದಾಗಲೇ ಜ್ವರ ಬಂದು ತೀರಿಕೊಂಡಳು ಎಂದು ಅಪ್ಪ ಹೇಳಿದ್ದ. ಊರಿನ ಹಿರಿಯರೂ ಹಾಗೇ ಹೇಳಿದ್ದರು.

ಪೇಟೆಯ ಸುಂಕದ ಕಟ್ಟೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೆಯುತ್ತಿದ್ದರು. ಅದು ಕೇಳಿಸಿದಾಗ ಗಡಿಯಾರದಲ್ಲಿ ಹನ್ನೆರಡೂ ಕಾಲು ಆಗಿರಬೇಕು, ಇಲ್ಲವಾದರೆ ಮುಳ್ಳು ತಿರುಗಿಸಿ ಸರಿ ಮಾಡಬೇಕು ಎಂದು ಅಪ್ಪ ಕಲಿಸಿದ್ದ. ಯಾಕೆಂದು ಕೇಳಿದರೆ, ಪೇಟೆಯ ಗಂಟೆ ಸೋಮಾರಿ, ಕಾಲು ಗಂಟೆ ತಡವಾಗಿ ಹೊಡೆಯುತ್ತದೆ ಎಂದಿದ್ದ. ಹೇಳಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಗಂಟೆಯ ಸದ್ದು ಪೂರ್ತಿ ಅಡಗುವವರೆಗೂ ಕಣ್ಣು ತೆರೆಯುತ್ತಿರಲಿಲ್ಲವಂತೆ. ಊರಿಗೆ ಊರೇ ಆ ಮಾತು ನಂಬಿತ್ತು. ಕೇದಿಗೆಬೇಲೆಯವರು ಪೇಟೆಗೆ ಹೋಗಿ ತೆಗೆಯದ ಅಂಗಡಿಯ ಬಾಗಿಲು ಬಡಿಯುತ್ತಿದ್ದರಂತೆ. ಗಂಟೆ ಹೊಡೆಯುವವನನ್ನು ಕಂಡಲ್ಲೆಲ್ಲ ನಿದ್ದೆ ಆಯ್ತೋ ಎಂದು ಕಿಚಾಯಿಸುತ್ತಿದ್ದರಂತೆ.

ಸಮುದ್ರದ ನೀರು ಇಳಿಯುವ ಹೊತ್ತು, ಇಳಿತದ ಹೊತ್ತು, ದಿನಕ್ಕೆರಡು ಗಳಿಗೆಯಂತೆ ಮುಂದೆ ಹೋಗುತ್ತದೆ. ಆ ಲೆಕ್ಕ ಹಿಡಿದು, ಕೊನೆಯ ದೋಣಿ ಎಷ್ಟಕ್ಕೆ ಬಿಡಬೇಕೆಂದು ಹೊನ್ನಕ್ಕ ಗಡಿಯಾರ ನೋಡಿ ಹೇಳುತ್ತಿದ್ದಳು. ಹೊತ್ತು ಮೀರಿದರೆ ಇಳಿತದ ನೀರು ದೋಣಿಯನ್ನು ಎಳೆದೊಯ್ದು ಅಳಿವೆಯ ಬಾಯಿಗೆ ಹಾಕುತ್ತದೆ. ಅವಳ ಕೈಯಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಎಲ್ಲ ಗಡಿಯಾರದ ಮಹಿಮೆ ಅಂತಿದ್ದರು. ಅದರ ಸದ್ದಿಗೆ ಸಮುದ್ರವೇ ತಡೆದು ನಿಲ್ಲುತ್ತಿತ್ತು ಎನ್ನುವವರೂ ಇದ್ದಾರೆ, ಹೇಳಲಿ ಬಿಡಿ.

ಒಂದು ವರ್ಷ ಆಯುಧಪೂಜೆ ಬಂತು. ಅಂಬಿಗರಿಗೆ ಎಣ್ಣೆಯೇ ದೊಡ್ಡ ಪೂಜೆ. ದೋಣಿಗೆ ಎಣ್ಣೆ ಬಳಿದಳು, ಹುಟ್ಟಿಗೆ ಬಳಿದಳು. ಗಡಿಯಾರವೊಂದೇ ಒಣಗಿಕೊಂಡು ಕೂತಿದೆಯಲ್ಲ ಎಂದು ಅವಳಿಗೆ ಪಾಪ ಕಂಡಿತು. ಹಿಂದಿನ ಮುಚ್ಚಳ ಉಗುರಲ್ಲಿ ಎಬ್ಬಿಸಿ ಒಂದು ಮಿಳ್ಳೆ ತೆಂಗಿನೆಣ್ಣೆ ಹೊಯ್ದಳು. ಹೊಯ್ದು, ಕುಂಕುಮ ಹಚ್ಚಿ, ಕೈ ಮುಗಿದಳು. ಮರುದಿನ ಕೀಲಿ ಕೊಟ್ಟರೆ ಸದ್ದೇ ಇಲ್ಲ! ಕಿವಿಗಿಟ್ಟಳು, ಅಲ್ಲಾಡಿಸಿದಳು, ಇಲ್ಲ. ಅಪ್ಪನನ್ನು ನಾನೇ ಕೊಂದೆನಲ್ಲ ಎಂದು ಎದೆ ಬಡಿದುಕೊಂಡಳಂತೆ.

ಪೇಟೆಯ ಗಡಿಯಾರ ರಿಪೇರಿಯ ವಿಠ್ಠಲ ಶೇಟರು ಮುಚ್ಚಳ ತೆಗೆದವರೇ ಹಣೆ ಚಚ್ಚಿಕೊಂಡರು. "ಇದೆಂತ ಮಾರಾಯ್ತಿ, ಬಂಗಡೆ ಹುರಿದ ಹಾಗೆ ಹುರಿದಿಟ್ಟಿದ್ದೀಯಲ್ಲ!"

ಮೂರು ದಿನ ಇಟ್ಟುಕೊಂಡು, ಚಕ್ರಗಳನ್ನೆಲ್ಲ ಬಿಚ್ಚಿ, ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿ ಮತ್ತೆ ಜೋಡಿಸಿದರು. ಗಡಿಯಾರ ಟಿಕ್ ಎಂದಿತು, ಹೊನ್ನಕ್ಕನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು. ಶೇಟರು ಎರಡೂ ಮುಳ್ಳು ಹನ್ನೆರಡರ ಮೇಲೆ ಕೂರಿಸಿದರು. ಕಾಲು ಗಂಟೆ ಮುಂದಿಡಿ ಎಂದು ಇವಳು, ಯಾಕೆ ಎಂದು ಅವರು. ಪೇಟೆಯ ಗಂಟೆ ಸರಿಯಾಗಿಯೇ ಇದೆ, ಇಷ್ಟು ವರ್ಷ ಸುಳ್ಳು ಹೇಳಿದ್ದು ನಿನ್ನ ಗಡಿಯಾರ ಎಂದು ಶೇಟರು ನಕ್ಕರು. ಹೊನ್ನಕ್ಕ ತಲೆಯೆತ್ತಿ ನೋಡಿದಳು. ಗೋಡೆಯ ಮೇಲಿನ ಏಳೂ ಗಡಿಯಾರಗಳು ಹನ್ನೆರಡು ತೋರಿಸುತ್ತಿದ್ದವು. ಅಪ್ಪ ತಪ್ಪು ತಿಳಿದಿದ್ದ ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳಲು ನಾಚಿಕೆಯಾಗಿ, ಹಾಗೇ ತೆಗೆದುಕೊಂಡು ಬಂದಳು, ಮುಳ್ಳನ್ನು ಮತ್ತೆ ಮುಂದೆ ತಿರುಗಿಸಲೂ ಇಲ್ಲ.

ಐದಾರು ದಿನ ಏನೂ ಆಗಲಿಲ್ಲ. ಆಮೇಲೊಂದು ದಿನ ಘಟ್ಟದ ಮೇಲೆ ಮಳೆ ಬಿದ್ದು ಹೊಳೆ ಕೆಂಪಾಯಿತು. ಪೇಟೆಯ ದಡದಲ್ಲಿ ಕೊನೆಯ ದೋಣಿ ತುಂಬಿತ್ತು, ಹನ್ನೊಂದು ಜನ. ಒಣಮೀನು ಮಾರುವ ಗೌರಜ್ಜಿ ನೀರಿಗೆ ಬೆರಳದ್ದಿ, "ಹೊನ್ನೀ, ನೀರು ತಿರುಗ್ತಿದೆ, ಬಿಡು ಮಗಾ" ಎಂದಳು.

ಹೊನ್ನಕ್ಕ ನೀರು ನೋಡಲಿಲ್ಲ. ಗಡಿಯಾರ ಎತ್ತಿ ಹಿಡಿದು ನಕ್ಕಳು. "ಇನ್ನೂ ಕಾಲು ಗಂಟೆ ಇದೆ ಅಜ್ಜೀ."

ಗೌರಜ್ಜಿಯ ಕೈಯಿಂದ ಮೀನಿನ ಬುಟ್ಟಿ ಜಾರಿ ಬಿತ್ತಂತೆ. ಮುದುಕಿ ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ.

ಕಾಲು ಗಂಟೆ ಕಳೆದು ದೋಣಿ ಹೊರಟಿತು. ನಡುಹೊಳೆಗೆ ಬರುವಾಗ ಇಳಿತವೂ ಮಳೆಯ ನೀರೂ ಸೇರಿ ದೋಣಿಯನ್ನು ಅಡ್ಡಕ್ಕೆ ಹೊಡೆದವು. ಹುಟ್ಟು ಮುರಿಯಿತು. ಅಳಿವೆಯ ಬಿಳಿ ನೊರೆ ಕಣ್ಣೆದುರೇ ಬಂತು. ಹೊನ್ನಕ್ಕ ಮುರಿದ ಹುಟ್ಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ದೋಣಿಯನ್ನು ಮರಳದಿಬ್ಬಕ್ಕೆ ಗುದ್ದಿಸಿದಳು. ಹನ್ನೊಂದು ಜನರೂ ಮರಳಿನ ಮೇಲೆ ಉರುಳಿ ಬಿದ್ದರು, ಹನ್ನೊಂದು ಜನರೂ ಉಳಿದರು. ಅಪ್ಪನ ಗಡಿಯಾರ, ಅಪ್ಪನ ಲೆಕ್ಕ, ಆದರೂ ಹೀಗೇಕಾಯಿತು ಎಂದು ಹೊನ್ನಕ್ಕನಿಗೆ ದಿಕ್ಕೇ ತೋಚಲಿಲ್ಲ.

ಆಗ ಗೌರಜ್ಜಿಗೆ ಮಾತು ಬಂತು.

"ನಿನ್ನ ಅಪ್ಪನೂ ಇದೇ ಮಾತು ಹೇಳಿದ್ದ ಮಗಾ. ಇದೇ ಗಡಿಯಾರ ಎತ್ತಿ ಹಿಡಿದು, ಅದೇ ಪೇಟೆ ದಡದಲ್ಲಿ. ಸಣ್ಣಮ್ಮ ಬಿಡು ಬಿಡು ಅಂತಿದ್ಲು. ಇನ್ನೂ ಕಾಲು ಗಂಟೆ ಇದೆ ಅಂದ."

ಅಮ್ಮ ಹೋದದ್ದು ಜ್ವರದಿಂದ ಅಲ್ಲವೇ ಎಂದಳು ಹೊನ್ನಕ್ಕ. ಜ್ವರವಲ್ಲ, ತಾಯಿಯಿಲ್ಲದ ಕೂಸಿಗೆ ನಿಜ ಹೇಳಲು ಯಾರಿಗೂ ಮನಸ್ಸಾಗಲಿಲ್ಲ ಎಂದು ಅಜ್ಜಿ ತಲೆಯಲ್ಲಾಡಿಸಿದಳು. ದೋಣಿ ಮಗುಚಿತ್ತಂತೆ. ಜಟ್ಟಿ ಒಂದು ಕೈಯಲ್ಲಿ ಹೆಂಡತಿಯ ಸೆರಗು ಹಿಡಿದಿದ್ದನಂತೆ. ಇನ್ನೊಂದು ಕೈಯಲ್ಲಿ, ನೀರು ತಾಗದ ಹಾಗೆ, ಹೊಸ ಗಡಿಯಾರ. ಸೆರಗು ಹರಿಯಿತಂತೆ.

ಹೊನ್ನಕ್ಕ ಸೊಂಟದ ಡಬ್ಬಿ ಬಿಚ್ಚಿದಳು. ಕೆಂಪು ತುಂಡಿನ ಅಂಚು ನೋಡಿದಳು. ಕತ್ತರಿಸಿದ ಅಂಚಲ್ಲ, ಹರಿದ ಅಂಚು. ಇಷ್ಟು ವರ್ಷ ದಿನಾ ಮುಟ್ಟಿದ್ದಳು, ನೋಡಿರಲಿಲ್ಲ. ಅಪ್ಪ ಮಧ್ಯಾಹ್ನದ ಗಂಟೆಗೆ ಯಾಕೆ ಕಣ್ಣು ಮುಚ್ಚುತ್ತಿದ್ದ ಎಂದು ಆಗ ಗೊತ್ತಾಯಿತು. ಅವತ್ತು ಕಾದ ಕಾಲು ಗಂಟೆಯನ್ನು ಅವನು ಮುಳ್ಳು ಮುಂದಿಟ್ಟು ಗಡಿಯಾರದಿಂದಲೇ ತೆಗೆದುಹಾಕಿದ್ದ, ಮತ್ತೆ ಯಾವತ್ತೂ ಯಾರೂ ಕಾಯದ ಹಾಗೆ.

ಈಗ ಇವಳು ಗಡಿಯಾರವನ್ನು ಸಮುದ್ರಕ್ಕೆ ಎಸೆಯುತ್ತಾಳೆ ಎಂದು ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರಂತೆ. ಹೊನ್ನಕ್ಕ ಒಣಮರಳಲ್ಲಿ ಬೆರಳು ಉಜ್ಜಿಕೊಂಡಳು. ದೊಡ್ಡ ಮುಳ್ಳನ್ನು ಕಾಲು ಗಂಟೆ ಮುಂದೆ ತಿರುಗಿಸಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಕಂಡೇ ಇರದ ಅಮ್ಮನಿಗಾಗಿ ಅತ್ತಳು.

ಈಗ ಅಲ್ಲಿ ಸೇತುವೆ ಬಂದು ಎಷ್ಟೋ ಕಾಲವಾಯಿತು. ಆದರೂ ಕೇದಿಗೆಬೇಲೆಯಲ್ಲಿ ಯಾವ ಮನೆಗೆ ಹೋದರೂ ಗಡಿಯಾರ ಕಾಲು ಗಂಟೆ ಮುಂದಿರುತ್ತದೆ. ಆಯುಧಪೂಜೆಗೆ ಅದಕ್ಕೊಂದು ಹೂವಷ್ಟೇ, ಎಣ್ಣೆ ತಾಗಿಸುವುದಿಲ್ಲ. ಹೊರಡುವಾಗ ಇನ್ನೂ ಹೊತ್ತಿದೆ ಎಂದು ಯಾರಾದರೂ ಅಂದರೆ ಮುದುಕಿಯರು ಅವರ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹೊರಗಿನಿಂದ ಬಂದ ಸೊಸೆಯಂದಿರು ಗಡಿಯಾರ ತಪ್ಪಿದೆ ಎಂದು ಮುಳ್ಳಿಗೆ ಕೈ ಹಾಕುವುದುಂಟು. ಆಗ ಅತ್ತೆ ಒಳಗಿನಿಂದಲೇ ಕೂಗಿ ಹೇಳುತ್ತಾಳಂತೆ, "ಬಿಡೇ, ಅದು ಸಣ್ಣಮ್ಮಂದು."